ನಾದಿನಿಯರು ಚಾಪೆ ಹಾಸಿದ ಮೂರು ದಿನ

ನಡುಬೇಲಿಯಲ್ಲಿ ನಿಂತ ಒಂದು ತಾಳೆಮರಕ್ಕಾಗಿ ನನ್ನ ಗಂಡ ಅನೆಝಿಗೂ ಅವನ ಅಣ್ಣ ಇಬೆಕ್ವೆಗೂ ವರ್ಷದಿಂದ ಮಾತಿರಲಿಲ್ಲ. ಅಕ್ಕಪಕ್ಕದ ಅಂಗಳ, ಆದರೂ ಎದುರಾದರೆ ಇಬ್ಬರೂ ಮುಖ ತಿರುಗಿಸುವರು. ಸುದ್ದಿ ಈ ಮನೆಯಿಂದ ಹೊರಗೆ ಮದುವೆ ಮಾಡಿಕೊಟ್ಟ ಒಂಬತ್ತು ಹೆಣ್ಣುಮಕ್ಕಳ, ಅಂದರೆ ನನ್ನ ನಾದಿನಿಯರ, ಕಿವಿಗೆ ಬಿತ್ತು. ಆಮೇಲೆ ಏನಾಗುತ್ತದೆಂದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ತವರಿನ ಜಗಳ ಮುಗಿಯುವ ತನಕ ಅವರು ಬಂದು ಕೂರುತ್ತಾರೆ, ಕೂತು ತಿನ್ನುತ್ತಾರೆ. ಮೊದಲು ಮಾತು ಬಿಟ್ಟವನು ನನ್ನ ಗಂಡ ತಾನೇ? ಒಂಬತ್ತು ಚಾಪೆಗಳೂ ನನ್ನ ಅಂಗಳದಲ್ಲೇ ಬಿಚ್ಚಿಕೊಂಡವು.

ಮೊದಲ ದಿನ ಬುಟ್ಟಿಗಟ್ಟಲೆ ಗೆಣಸು ಖಾಲಿ. ಎರಡನೆಯ ದಿನ ಎರಡು ಹುಂಜ. ಮೇಲೆ, "ಸಾರಿಗೆ ಖಾರಾನೇ ಇಲ್ವಲ್ಲೇ, ನಿಮ್ಮಮ್ಮ ಏನೂ ಕಲಿಸ್ಲಿಲ್ವಾ?" ಎಂಬ ಬಿರುದು ಬೇರೆ!

ಅಷ್ಟಾದರೂ ಅಣ್ಣತಮ್ಮಂದಿರು ಜಪ್ಪಯ್ಯ ಅನ್ನಲಿಲ್ಲ. ಆಗ ನಾದಿನಿಯರಲ್ಲಿ ಹಿರಿಯವಳಾದ ಅಕುಡೊ ಕಂಬಕ್ಕೆ ಕಟ್ಟಿದ್ದ ನನ್ನ ಮೇಕೆಯನ್ನು ಮೇಲಿಂದ ಕೆಳಗೆ ನೋಡಿದಳು.

"ನಾಳೆ ಇದು."

"ಅತ್ತಿಗೆ, ಅದು ಗಬ್ಬ ಆಗಿದೆ!"

"ಹಾಗಾದ್ರೆ ನಿನ್ನ ಗಂಡನಿಗೆ ಬಾಯಿ ಬಿಡೋಕೆ ಹೇಳು."

ನನ್ನ ಜೀವವೇ ಬಾಯಿಗೆ ಬಂತು. ತವರಿನಿಂದ ಮರಿಯಾಗಿ ತಂದು, ಕೈಯಾರೆ ಸೊಪ್ಪು ತಿನ್ನಿಸಿ ಸಾಕಿದ ಮೇಕೆ ಅದು. ಗಂಡನನ್ನು ಬೇಡಿಕೊಂಡೆ. ಅವನು ಗುದ್ದಲಿ ಮಸೆಯುತ್ತಾ ಕೂತ, ಕಲ್ಲುಗುಂಡು! ಮರುದಿನ ಬೆಳಿಗ್ಗೆ ನಾದಿನಿಯರು ಹೊಳೆಗೆ ಹೋದಾಗ ಮೇಕೆಯನ್ನು ಎಳೆದೊಯ್ದು ಭಾವ ಇಬೆಕ್ವೆಯ ಹಿತ್ತಲಲ್ಲಿ ಕಟ್ಟಿಬಂದೆ. ಅಲ್ಲಿ ಯಾರು ಹುಡುಕುತ್ತಾರೆ?

ಹಾಳಾದ್ದು, ಅವರು ವಾಪಸು ಬರುತ್ತಿದ್ದಂತೆಯೇ ಊರು ಕೇಳುವಂತೆ ಅರಚಿತು. ಅಕುಡೊ ಚೂರಿ ಹಿಡಿದು ನೆಟ್ಟಗೆ ಅತ್ತ ನಡೆದಳು. ನಾನು ಎದೆ ಬಡಿದುಕೊಳ್ಳುತ್ತಾ ಹಿಂದೆ ಓಡಿದೆ. ಅಷ್ಟರಲ್ಲಿ ಇಬೆಕ್ವೆ ಮನೆಯಿಂದ ಹೊರಗೆ ಹಾರಿಬಂದು ಮೇಕೆಗೆ ಅಡ್ಡ ನಿಂತ.

"ಅಕ್ಕಾ, ಕೈ ಹಚ್ಚಬೇಡ! ಇದು ನನ್ನ ತಮ್ಮನ ಮೇಕೆ!"

ಅಕುಡೊ ಚೂರಿ ಇಳಿಸಿದಳು. "ಯಾರ ಮೇಕೆ? ನನಗೆ ಸರಿಯಾಗಿ ಕೇಳಿಸ್ಲಿಲ್ಲ ಕಣೋ."

ಇಬೆಕ್ವೆಯ ಮುಖ ಕೆಂಪಗಾಯಿತು. "ನನ್ನ ತಮ್ಮಂದು," ಎಂದ, ಮೆಲ್ಲಗೆ.

ಬೇಲಿಯಾಚೆ ಬೆಳಿಗ್ಗೆಯಿಂದ ಕೇಳುತ್ತಿದ್ದ ಗುದ್ದಲಿ ಮಸೆಯುವ ಸದ್ದು ನಿಂತಿತ್ತು. ಅನೆಝಿ ಬೇಲಿ ದಾಟಿ ಬಂದು, ತಲೆ ತಗ್ಗಿಸಿ, ಅಣ್ಣನ ಪಕ್ಕ ನಿಂತ.

"ಅಣ್ಣಾ, ಅದರ ಹೊಟ್ಟೇಲಿ ಎರಡು ಮರಿ ಇರೋ ಹಾಗಿದೆ. ಒಂದು ನಿಂದು."

ನನ್ನ ಮೇಕೆಯ ಮರಿ ಹಂಚೋಕೆ ಇವನ್ಯಾರು ಎಂದು ಕೇಳಬೇಕೆಂದು ಬಾಯಿ ತೆರೆದೆ. ಆದರೆ ಅಣ್ಣತಮ್ಮಂದಿರು ಒಟ್ಟಿಗೆ ನಿಂತದ್ದು ನೋಡಿ, ನಾದಿನಿಯರ ಚಾಪೆ ಸುತ್ತಲು ಓಡಿದೆ.