ಮುಖ ಕಾಣುವ ಫೋಟೊ

"ಇನ್ನೊಂಚೂರು ಓರೆ ಮಾಡಿ ಚನ್ನೇಶಣ್ಣ, ಗೋಡೆಗೆ ತಗಲ್ತಿದೆ," ಎಂದ ಇಮ್ರಾನ್.

ಎಷ್ಟು ಓರೆ ಮಾಡಿದರೂ ಶವ ಇಡುವ ಫ್ರೀಜರ್ ಪೆಟ್ಟಿಗೆ ಮುಂಬಾಗಿಲಲ್ಲಿ ಹಿಡಿಸಲಿಲ್ಲ. ಕೊನೆಗೆ ಡ್ರೈವರ್ ಇಮ್ರಾನ್, ಪಕ್ಕದ ಮನೆಯ ಚನ್ನೇಶ ಇಬ್ಬರೂ ಅದನ್ನು ಸುತ್ತು ಹಾಕಿ ಹಿತ್ತಿಲ ಬಾಗಿಲಿನಿಂದ ಒಳಗೆ ತಂದರು. ಗುಬ್ಬಿಯ ಈ ಓಣಿಯಲ್ಲಿ ಮನೆ ಕಟ್ಟಿದವರು ಇಂಥ ಪೆಟ್ಟಿಗೆಯನ್ನು ಕನಸಿನಲ್ಲೂ ಕಂಡವರಲ್ಲ. ಬೆಳಿಗ್ಗೆ ಹೋದವರನ್ನು ಮಧ್ಯಾಹ್ನದೊಳಗೆ ಮಣ್ಣು ಮಾಡುತ್ತಿದ್ದ ಕಾಲ ಅದು. ತೀರಿಹೋದ ನಯಾಜ್ ಅಹಮದ್ ಮಾತ್ರ ಸಂಜೆಯವರೆಗೆ ಕಾಯಬೇಕಿತ್ತು. ತೆಂಗಿನಕಾಯಿ ಲೋಡು ಹೊತ್ತು ಹೋಗಿದ್ದ ಮಗ ತಾರಿಖ್, ಲಾರಿಯನ್ನು ಸೊಲ್ಲಾಪುರದಲ್ಲೇ ಬಿಟ್ಟು ಬಸ್ಸು ಹತ್ತಿದ್ದ.

ಪೆಟ್ಟಿಗೆಯ ಮೇಲೆ ತುಮಕೂರಿನ ಟ್ರಸ್ಟಿನ ಹೆಸರಿತ್ತು. ಅದರ ಮ್ಯಾನೇಜರ್ ಅರ್ಶಿಯಾ, ಸತ್ತವರ ಮಗಳು. ಆಸ್ಪತ್ರೆಯಲ್ಲಿ ನಿದ್ದೆಗೆಟ್ಟು, ಅಳುವುದಕ್ಕೂ ತ್ರಾಣವಿಲ್ಲದೆ ಗೋಡೆಗೆ ಒರಗಿ ಕೂತಿದ್ದಳು.

ಪ್ಲಗ್ ಸಿಕ್ಕಿಸಿದ ಇಮ್ರಾನ್ ಅವಳ ಹತ್ತಿರ ಬಂದು ತಲೆ ಕೆರೆದುಕೊಂಡ. "ಮೇಡಂ, ಆ ಫೋಟೊ..."

"ಯಾವ್ದು?"

"ಬಾಕ್ಸ್ ಪಕ್ಕ ಮನೆಯವರು ನಿಂತಿರೋದು. ಮುಖ ಕಾಣ್ಬೇಕು. ಹಾಕ್ದಿದ್ರೆ ಫೋನಲ್ಲಿ ನಮ್ಮ ಆಪ್ ಮುಂದಕ್ಕೆ ಹೋಗಲ್ಲ." ತಡೆದು, "ನಿಮ್ಮನೇದು ಬೇಡ ಬಿಡಿ ಮೇಡಂ. ಆಫೀಸಲ್ಲಿ ಹೇಳಿ ಏನಾದ್ರೂ ಅಡ್ಜಸ್ಟ್ ಮಾಡಿ," ಎಂದ.

"ಫೋಟೊ ಗೀಟೊ ಏನೂ ಬೇಡ," ಎಂದರು ತಾಯಿ ಜೈನಬ್ ಬೀ. "ಬದುಕಿದ್ದಾಗ್ಲೇ ಅವರು ಒಪ್ತಿರಲಿಲ್ಲ."

ಒಲೆಯ ಮುಂದೆ ಚಹಾ ಸೋಸುತ್ತಿದ್ದ ಹಿಂದಿನ ಓಣಿಯ ರೂಬಿ ತಲೆಯೆತ್ತಿ ನೋಡಿದಳು. ಮತ್ತೆ ತಲೆ ತಗ್ಗಿಸಿದಳು. ಅರ್ಶಿಯಾ ಅವಳ ಮೇಲಿಂದ ಕಣ್ಣು ತೆಗೆದಳು. ಹೋದ ವರ್ಷ ರೂಬಿಯ ತಾಯಿ ತೀರಿಕೊಂಡಾಗಲೂ ಇದೇ ಪೆಟ್ಟಿಗೆ ಬಂದಿತ್ತು. "ಅರ್ಶಿಯಾ ಆಪಾ, ಅತ್ತು ಅತ್ತು ಮುಖ ಊದೋಗಿದೆ, ಫೋಟೊ ಬೇಡ ಅಂತ ಹೇಳಿ," ಎಂದು ಅವಳು ಫೋನು ಮಾಡಿದ್ದಳು. "ರೂಲ್ಸ್ ಎಲ್ರಿಗೂ ಒಂದೇ ರೂಬಿ, ಬೇಜಾರ್ ಮಾಡ್ಕೋಬೇಡ," ಎಂದು ಅರ್ಶಿಯಾ ಮೀಟಿಂಗಿಗೆ ಹೋಗಿದ್ದಳು. ರೂಲ್ಸು ಮಾಡಿದವಳೂ ಅವಳೇ.

*

ಟ್ರಸ್ಟು ಆಗುವ ಮೊದಲು ಅದು ಗುಬ್ಬಿಯ ಮಸೀದಿಯ ಪಕ್ಕದ ಒಂದು ಕೋಣೆ. ಊರಿನವರು ಕೊಟ್ಟ ಝಕಾತ್ ದಾನ ಅಲ್ಲಿ ಅಕ್ಕಿ ಬೇಳೆಯಾಗಿ ಬಡವರ ಮನೆ ಸೇರುತ್ತಿತ್ತು. ಸೇರಿಸುತ್ತಿದ್ದವರು ಹಾಸಿಗೆ ಅಂಗಡಿಯ ನಯಾಜ್ ಅಹಮದ್. ಮಬ್ಬುಗತ್ತಲಲ್ಲಿ ಹಿತ್ತಿಲ ಬಾಗಿಲಿಗೆ ಚೀಲ ಇಟ್ಟು, ಒಮ್ಮೆ ಕೆಮ್ಮಿ, ಹಿಂದಿರುಗಿ ನೋಡದೆ ಹೊರಟುಬಿಡುತ್ತಿದ್ದರು. ಯಾರ ಮನೆ ಎಂದು ಹೆಂಡತಿಗೂ ಹೇಳಿದವರಲ್ಲ.

ಒಂದು ರಂಜಾನಿನಲ್ಲಿ ಅವರು ಡೆಂಗಿ ಜ್ವರ ಹಿಡಿದು ಮಲಗಿದರು. ಚೀಲಗಳು ಕೋಣೆಯಲ್ಲೇ ಉಳಿದವು. ಯಾವ ಬಾಗಿಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಕೇಳಲು ಬಾಯಿಲ್ಲದವರು ಕೆಮ್ಮಿಗಾಗಿ ಕಾದೇ ಕಾದರು. ಒಬ್ಬ ಮುದುಕಿ ದಿನವೂ ಬರೀ ನೀರು ಕುಡಿದೇ ಉಪವಾಸ ಬಿಟ್ಟಳೆಂದು ಹಬ್ಬ ಕಳೆದ ಮೇಲೆ ತಿಳಿಯಿತು.

"ಅಬ್ಬಾ, ನಿಮ್ಮ ಗುಟ್ಟಿಗೆ ಅವರು ಹಸಿದ್ರು," ಎಂದಿದ್ದಳು ಅರ್ಶಿಯಾ ತಂದೆಗೆ. ಸಮಾಜಕಾರ್ಯ ಓದಿ ಬಂದಿದ್ದ ಅವಳು ಹಿಡಿದ ಹಟ ಬಿಡದೆ ನೋಂದಣಿ, ಆಡಿಟ್ಟು, ಆಪು ಎಲ್ಲ ತಂದಳು. ಕಂಪನಿಗಳ ದುಡ್ಡು ಬಂತು, ತಲುಪಿದ್ದಕ್ಕೆ ಸಾಕ್ಷಿಯಾಗಿ ಫೋಟೊದ ರೂಲ್ಸನ್ನೂ ತಂದಳು. ಕುಣಿಗಲ್ಲಿನವರೆಗೂ ಡಯಾಲಿಸಿಸ್‌ಗೆ ಗಾಡಿ ಓಡಿತು. ಯಾರ ಜಾತಿಯನ್ನೂ ಕೇಳದೆ ಪೆಟ್ಟಿಗೆ ಮನೆಮನೆಗೆ ಹೋಯಿತು. ಆಮೇಲೆ ಯಾರೂ ತಪ್ಪಿಹೋಗಲಿಲ್ಲ, ಅದು ನಿಜ.

ಆ ಫೋಟೊಗಳೇ ತುಂಬಿದ ವಾರ್ಷಿಕ ವರದಿಯ ನುಣುಪು ಹಾಳೆಗಳನ್ನು ನಯಾಜ್ ಅಹಮದ್ ಒಮ್ಮೆ ತಿರುವಿ ನೋಡಿದ್ದರು. "ಇವರೆಲ್ಲ ನಮ್ಮ ಓಣಿಯವರು ಕಣಮ್ಮ. ನಾಳೆ ಎದುರಿಗೆ ಸಿಕ್ಕಿದ್ರೆ ನಾನು ಎಲ್ಲಿ ನೋಡ್ಲಿ?" ಎಂದಿದ್ದರು, ಅಷ್ಟೇ.

*

ಮಧ್ಯಾಹ್ನದ ಹೊತ್ತಿಗೆ ಹೆಂಗಸರು ಒಬ್ಬೊಬ್ಬರೇ ಬಂದರು. ಬಂದವರಲ್ಲಿ ಹೆಚ್ಚಿನವರು ಹಿತ್ತಿಲ ಬಾಗಿಲಿನಿಂದಲೇ.

"ಮುಂದ್ಗಡೆಯಿಂದ ಬರ್ಬೋದಿತ್ತಲ್ಲ, ಸಿದ್ದಲಕ್ಷ್ಮಮ್ಮ," ಎಂದಳು ಅರ್ಶಿಯಾ. ಸೊಪ್ಪು ಮಾರುವ ಮುದುಕಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ನಯಾಜಣ್ಣ ನಮ್ಮನೆ ಹಿತ್ಲಿಗೇ ಬತ್ತಿದ್ದುದ್ದು ಕಣವ್ವ. ಮಗಳ ಮದ್ವೆಗೆ ಹಾಸ್ಗೆ ತಕ್ಕೊಳಕ್ಕೆ ಅಂಗ್ಡಿಗೋದ್ರೆ, ಗುರ್ತೇ ಇಲ್ದೋರಂಗೆ ಚೌಕಾಸಿ ಮಾಡುದ್ರು. ಕೆಮ್ಮಿದ್ ಮ್ಯಾಗೆ ಇವ್ರೇ ಅಂತ ಗೊತ್ತಾಗಿದ್ದು."

ಅರ್ಶಿಯಾಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಬೆಳಿಗ್ಗೆಯಿಂದ ಬಾರದಿದ್ದ ಅಳು. ಇಮ್ರಾನ್ ಇನ್ನೂ ಬಾಗಿಲಲ್ಲೇ ನಿಂತಿದ್ದ. ಹೆಬ್ಬೂರಿನಿಂದ ಅವನ ಗಾಡಿಗೆ ಇನ್ನೊಂದು ಕರೆ ಬಂದಿತ್ತು. ಫೋಟೊ ಹಾಕಿ ಆಪ್ ಮುಂದಕ್ಕೆ ಹೋಗದೆ ಅವನು ಹೊರಡುವಂತಿರಲಿಲ್ಲ.

ಅವಳು ಎದ್ದಳು. "ತೆಗಿ ಇಮ್ರಾನ್."

"ಅರ್ಶಿಯಾ!" ಎಂದರು ಜೈನಬ್ ಬೀ.

"ಅಬ್ಬಾನ ಮುಖಕ್ಕೆ ಬಟ್ಟೆ ಮುಚ್ಚು ಅಮ್ಮಿ. ಅವರದ್ದು ಬೇಡ. ನಂದು ಮಾತ್ರ. ರೂಬಿಗೆ ಮಾಡದ ಅಡ್ಜಸ್ಟು ನನಗ್ಯಾಕೆ?"

ಪೆಟ್ಟಿಗೆಯ ಪಕ್ಕ ನಿಂತಳು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕಣ್ಣು ಎಲ್ಲಿಡಬೇಕೆಂದೂ ತಿಳಿಯಲಿಲ್ಲ. ಇಷ್ಟು ಜನರನ್ನು ಹೀಗೆ ನಿಲ್ಲಿಸಿದ್ದೆನಲ್ಲ ಎಂದು ನಾಚಿಕೆಯಾಯಿತು.

"ಮೇಡಂ... ದುಪಟ್ಟಾ ಸ್ವಲ್ಪ ಹಿಂದಕ್ಕೆ," ಎಂದ ಇಮ್ರಾನ್, ನೆಲ ನೋಡುತ್ತ.

ಅವನು ಫೋನು ಮೇಲೆತ್ತಿದ. ಕೋಣೆಯಲ್ಲಿದ್ದ ಹೆಂಗಸರೆಲ್ಲ ಸೆರಗು, ದುಪಟ್ಟಾ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು, ಜೈನಬ್ ಬೀ ಕೂಡ. ಫೋನಿನಲ್ಲಿ ಉಳಿದದ್ದು ಒಂದು ಮುಖ, ಅದರ ಸುತ್ತ ಬರೀ ಬೆನ್ನು. ಅದರಲ್ಲೊಂದು ಬೆನ್ನು ರೂಬಿಯದು. ಗೋಡೆ ನೋಡುತ್ತಲೇ ಅವಳು ಕೈಯನ್ನು ಹಿಂದಕ್ಕೆ ಚಾಚಿ, ಅರ್ಶಿಯಾಳ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.