ತಲೆ ಮುಟ್ಟಿ ಆಡಿದ ಮಾತು

ದೊಡ್ಡತಾಯಮ್ಮ ಮೊಮ್ಮಗಳ ತಲೆ ಮುಟ್ಟಿ ಆರು ವರ್ಷವಾಗಿತ್ತು. ಉಣ್ಣಿಸುತ್ತಿದ್ದಳು, ಮೈ ಉಜ್ಜುತ್ತಿದ್ದಳು, ಆದರೆ ಜಡೆ ಹಾಕು ಅಂದರೆ ಮಾತ್ರ, “ಕೈ ಮರಗಟ್ಟೈತೆ ಕಣವ್ವ, ನಿಮ್ಮವ್ವನ್ ತಾವ ಓಗು” ಅಂತ ಜಾರಿಕೊಳ್ಳುತ್ತಿದ್ದಳು. ಮನೆಯವರು ವಯಸ್ಸು ಅಂದುಕೊಂಡರು. ದೊಡ್ಡ ಸುಳ್ಳೊಂದನ್ನು ಅರಗಿಸಿಕೊಂಡವಳಿಗೆ ಇಂಥ ಚಿಲ್ಲರೆ ನೆಪಗಳಿಗೇನು ಬರ!

ಆ ಮೊಮ್ಮಗಳು, ಒಂಬತ್ತು ವರ್ಷದ ನಿಸರ್ಗ, ಈಗ ಹಾಸನದ ಆಸ್ಪತ್ರೆಯೊಂದರಲ್ಲಿ ತೋಳು ಚಾಚಿ ಕೂತಿದ್ದಳು. ಹೃದಯದ ಕವಾಟಕ್ಕೆ ಪೆಟ್ಟಾಗಿತ್ತು. ಮೂರು ವಾರಕ್ಕೊಂದರಂತೆ ವರ್ಷಗಟ್ಟಲೆ ಪೆನ್ಸಿಲಿನ್ ಇಂಜೆಕ್ಷನ್ ಬೇಕು ಅಂದಿದ್ದರು ಡಾಕ್ಟರ್ ಚಂದ್ರಮೌಳಿ. ಆದರೆ ಹಳೇ ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ‘ಪೆನ್ಸಿಲಿನ್ ಅಲರ್ಜಿ’ ಎಂದು ಬರೆದಿತ್ತು. ಅದು ನಿಜವೋ ಅಲ್ಲವೋ ಅಂತ ನೋಡುವುದೇ ಇವತ್ತಿನ ಪರೀಕ್ಷೆ.

ನರ್ಸ್ ಕಾಮಾಕ್ಷಮ್ಮ ತೋಳಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ಮೂರು ಹನಿ ಬಿಟ್ಟು, ಒಂದೊಂದಕ್ಕೂ ಸೂಜಿಮೊನೆ ತಾಗಿಸಿದಳು. ಸ್ವಲ್ಪ ಹೊತ್ತಿಗೆ ಒಂದು ಗುಳ್ಳೆ ಎದ್ದಿತು. ದೊಡ್ಡತಾಯಮ್ಮನ ಎದೆ ಹಗುರಾಯಿತು.

“ಅದು ಎಲ್ಲರಿಗೂ ಏಳುತ್ತೆ ಅಜ್ಜಿ, ಹೋಲಿಸಿ ನೋಡೋಕೆ ಹಾಕಿದ್ದು” ಅಂದಳು ಕಾಮಾಕ್ಷಮ್ಮ. “ಔಷಧಿದು ಆ ಕಡೆಯದು.”

ಆ ಕಡೆಯದು ತಣ್ಣಗಿತ್ತು. ಏಳಲಿ, ಏಳಲಿ ಅಂತ ಮುದುಕಿ ಮನಸ್ಸಿನಲ್ಲೇ ಬೇಡಿಕೊಂಡಳು. ಎದ್ದರೆ ಮಗುವಿಗೆ ಇಂಜೆಕ್ಷನ್ ಇಲ್ಲ ಅಂತ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಬೇಡಿಕೊಂಡಳು. ಎಂಥ ಹೆಂಗಸು ನಾನು ಅಂತ ಒಮ್ಮೆ ಅನ್ನಿಸಿತು. ಆಮೇಲೆ ಅದೂ ಅನ್ನಿಸಲಿಲ್ಲ.

ಆರು ವರ್ಷದ ಹಿಂದಿನ ಮಾತು, ಆಗ ನಿಸರ್ಗಳಿಗೆ ಮೂರು ವರ್ಷ. ಜ್ವರ ಅಂತ ತಾಯಿ ಮೇಘಶ್ರೀ ಮೆಡಿಕಲ್ ಸ್ಟೋರಿನಿಂದ ತಾನೇ ಪೆನ್ಸಿಲಿನ್ ಜಾತಿಯ ಸಿರಪ್ ತಂದು ಕುಡಿಸಿದ್ದಳು. ಅದೇ ಸಂಜೆ ದೊಡ್ಡತಾಯಮ್ಮ, ಹೊಟ್ಟೆಯುಬ್ಬರ ಇಳಿಯಲಿ ಅಂತ, ಅಗಸರು ಬಟ್ಟೆಗೆ ಗುರುತು ಹಾಕುವ ಕರಿಗೇರಿನ ಕಾಯನ್ನು ದೀಪಕ್ಕೆ ಹಿಡಿದು, ಒಸರಿದ ಎಣ್ಣೆಯನ್ನು ಮಗುವಿನ ಹೊಕ್ಕುಳ ಪಕ್ಕ ಬೊಟ್ಟಿಟ್ಟಿದ್ದಳು. ಅವಳ ಅವ್ವ ಅವಳಿಗೆ ಇಟ್ಟಿದ್ದಳು, ಅವಳು ತನ್ನ ಮಗನಿಗೆ ಇಟ್ಟಿದ್ದಳು. ಬೆಳಗಾಗುವುದರೊಳಗೆ ಮೈತುಂಬ ಬೊಬ್ಬೆ, ಮುಖವೆಲ್ಲ ಊತ. ಮಗ ರವೀಂದ್ರ ಸಿರಪ್ಪಿನ ಬಾಟಲಿಯನ್ನು ಗೋಡೆಗೆ ಅಪ್ಪಳಿಸಿ, “ಮಗೀನ ಸಾಯಿಸಕ್ಕೆ ಒಂಟಿದ್ದೀಯೇನೇ?” ಅಂತ ಹೆಂಡತಿಯ ಮೇಲೆ ಎಗರಾಡಿದ. ಮೇಘಶ್ರೀ ಅಳುತ್ತಾ ಅತ್ತೆಯನ್ನು ಕೇಳಿದ್ದಳು, “ನೀವೇನಾರ ಅಚ್ಚುದ್ರಾ ಅತ್ತೆ?”

“ಇಲ್ಲ ಕಣೆ, ಇವ್ಳಾಣೆ” ಅಂದಿದ್ದಳು ದೊಡ್ಡತಾಯಮ್ಮ, ಮಗುವಿನ ತಲೆಯ ಮೇಲೆ ಕೈಯಿಟ್ಟು.

ಹಾಗಾಗಿ ತಪ್ಪು ಸಿರಪ್ಪಿನದೇ ಅಂತಾಗಿ, ಆಗಿನ ಡಾಕ್ಟರು ಚೀಟಿಯಲ್ಲಿ ಕೆಂಪಕ್ಷರ ಬರೆದರು. ಆಮೇಲೆ ಮೇಘಶ್ರೀಗೆ ಔಷಧಿ ಅಂದರೇ ನಡುಕ. ಮಗುವಿಗೆ ಎಷ್ಟು ಸಲ ಗಂಟಲು ನೋವು ಬಂದರೂ ಮೆಣಸಿನ ಕಷಾಯವೇ. ಆ ಗಂಟಲು ನೋವಿಗೆ ಸರಿಯಾದ ಔಷಧಿ ಬೀಳದೆ ಹೀಗೆ ಹೃದಯಕ್ಕೆ ಬಂತು ಅಂದಿದ್ದರು ಡಾಕ್ಟರು. ದೊಡ್ಡತಾಯಮ್ಮ ಅದನ್ನು ಹಾಗೆ ಕೇಳಿಸಿಕೊಳ್ಳಲಿಲ್ಲ. ತನ್ನ ಸುಳ್ಳಾಣೆಯೇ ಕೂಸಿನ ಎದೆಗೆ ಇಳಿದಿದೆ ಅಂತ ಕೇಳಿಸಿಕೊಂಡಳು.

ಸೂಜಿಯ ಪರೀಕ್ಷೆಗಳು ಮುಗಿದವು. ಔಷಧಿಯನ್ನೂ ಸ್ವಲ್ಪಸ್ವಲ್ಪವೇ ಕುಡಿಸಿ ಕಾದರು. ಏನೂ ಆಗಲಿಲ್ಲ. ಡಾಕ್ಟರು ಕೆಂಪಕ್ಷರದ ಮೇಲೆ ಗೆರೆ ಎಳೆದು, “ಇವಳಿಗೆ ಅಲರ್ಜಿ ಇಲ್ಲಮ್ಮ. ಇವತ್ತೇ ಮೊದಲ ಇಂಜೆಕ್ಷನ್ ಕೊಡೋಣ” ಅಂದರು.

ಮೇಘಶ್ರೀ ನಗಲೂ ಇಲ್ಲ, ಅಳಲೂ ಇಲ್ಲ. “ಅಂಗಾದ್ರೆ ಅವತ್ತು ಆಗಿದ್ದು ನನ್ನಿಂದಲ್ವಾ ಸಾ?”

“ಆ ಸಿರಪ್ಪಿಂದ ಆಗಿದ್ದಂತೂ ಅಲ್ಲಮ್ಮ.”

“ಮತ್ತೆ ಯಾತರಿಂದ?”

ಕೇಳಿದ್ದು ಡಾಕ್ಟರನ್ನು. ದೊಡ್ಡತಾಯಮ್ಮ ಎದ್ದು ಬಂದು, ನಿಸರ್ಗಳ ಅಂಗಿ ಮೇಲೆತ್ತಿ, ಹೊಕ್ಕುಳ ಪಕ್ಕದ ಕಪ್ಪು ಕಲೆಯ ಮೇಲೆ ಬೆರಳಿಟ್ಟಳು. “ಕರಿಗೇರು. ನಾನೇ ಅಚ್ಚಿದ್ದು.”

ಮೇಘಶ್ರೀ ಆ ಬೆರಳನ್ನೇ ನೋಡಿದಳು. “ಇವ್ಳ ತಲೆ ಮುಟ್ಟಿ ಇಲ್ಲ ಅಂದಿದ್ರಲ್ಲ ಅತ್ತೆ.”

“ಅಂದಿದ್ದೆ.”

ಬೈಯಲಿ, ಎರಡೇಟು ಹಾಕಲಿ ಅಂತ ಮುದುಕಿ ಕಾದಳು. ಮೇಘಶ್ರೀ ಮಗಳ ಅಂಗಿ ಸರಿಮಾಡಿ, ಇಂಜೆಕ್ಷನ್ ಕೋಣೆಗೆ ಕರೆದುಕೊಂಡು ಹೋದಳು.

ಹೊಳೆನರಸೀಪುರದ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತರು, ನಡುವೆ ನಿಸರ್ಗ. ಮೇಘಶ್ರೀ ಕಿಟಕಿಯ ಕಡೆ ತಿರುಗಿದವಳು ತಿರುಗಿಯೇ ಇದ್ದಳು. ಊರು ದಾಟುವಷ್ಟರಲ್ಲಿ ಹುಡುಗಿಗೆ ನಿದ್ದೆ ಹತ್ತಿ, ತಲೆ ಅಜ್ಜಿಯ ತೋಳಿನಿಂದ ಜಾರಿ ತೊಡೆಯ ಮೇಲೆ ಬಿತ್ತು. ದೊಡ್ಡತಾಯಮ್ಮ ಎರಡೂ ಕೈಯನ್ನು ಮೇಲೆತ್ತಿ ಹಾಗೇ ಕೂತಳು. ಬಸ್ಸು ಉಬ್ಬಿನ ಮೇಲೆ ಎಗರಿತು.

“ತಲೆ ಇಡ್ಕಳಿ ಅತ್ತೆ” ಅಂದಳು ಮೇಘಶ್ರೀ, ಕಿಟಕಿಯ ಗಾಜಿನಲ್ಲಿ ನೋಡುತ್ತಲೇ. “ಬಿದ್ದೋಯ್ತಾಳೆ.”

ದೊಡ್ಡತಾಯಮ್ಮ ಹಿಡಿದುಕೊಂಡಳು.