ಸೀಳುನಾಯಿ ಹಿಡಿದ ಹಸು

ದೇವರಮನೆ ಗುಡ್ಡದ ಬುಡದಲ್ಲಿ ಎರಡೆಕರೆ ಕಾಫಿ ಮಾಡಿಕೊಂಡಿದ್ದ ಓಂಕಾರಮೂರ್ತಿಯ ಮನೆಯಲ್ಲಿ ದನಗಳ ಉಸಾಬರಿಯೆಲ್ಲ ಹೆಂಡತಿ ನಾಗಶ್ರೀಯದು. ಹಾಲು ಕರೆಯುವುದು, ಸಗಣಿ ಬಾಚುವುದು, ಬೆಳಿಗ್ಗೆ ಗುಡ್ಡಕ್ಕೆ ಅಟ್ಟಿ ಹೊತ್ತು ಇಳಿಯುವಾಗ ಹೊಡೆದುಕೊಂಡು ಬರುವುದು. ಆ ವರ್ಷ ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಸೀಳುನಾಯಿಗಳ ಹಿಂಡೊಂದು ಗುಡ್ಡಕ್ಕೆ ಬಂದು ಸೇರಿತ್ತು. ಕೆಳಗಿನ ಮನೆಯ ಗಿಡ್ಡಪ್ಪನ ಕರುಗಳು ಆಗಲೇ ಹೋಗಿದ್ದವು. ಹಾಗಂತ ದನಗಳನ್ನು ಕಟ್ಟಿಹಾಕಿ ಸಾಕುವಷ್ಟು ಹುಲ್ಲು ಯಾರ ಮನೆಯಲ್ಲಿತ್ತು?

ಒಂದು ದಿನ ಮಧ್ಯಾಹ್ನ ದನಗಳು ಬಾಲ ಎತ್ತಿಕೊಂಡು ಕೊಟ್ಟಿಗೆಗೆ ಓಡಿ ಬಂದವು. ತುಂಗೆ ಬರಲಿಲ್ಲ. ತುಂಗೆ ಚೊಚ್ಚಲ ಗಬ್ಬದ ಹಸು, ದಿನ ತುಂಬಿತ್ತು. ನಾಗಶ್ರೀ ಹುಲ್ಲು ಕೊಯ್ಯುವ ಕತ್ತಿ ಹಿಡಿದುಕೊಂಡು ಗುಡ್ಡ ಹತ್ತಿದಳು.

ಬೋಳುಗುಡ್ಡದ ಆಚೆ ಬದಿ, ಹಳ್ಳ ಹುಟ್ಟುವ ಜಾಗದಲ್ಲಿ ತುಂಗೆ ಬಿದ್ದಿತ್ತು. ಹಿಂಭಾಗ ಪೂರ್ತಿ ಹರಿದುಹೋಗಿತ್ತು. ಹೊಟ್ಟೆಯಿಂದ ಎಳೆದು ಹಾಕಿದ್ದ ಕರುವನ್ನು ಎರಡು ನಾಯಿಗಳು ಹುಲ್ಲಿನ ಮೇಲೆ ದರದರ ಎಳೆದೊಯ್ಯುತ್ತಿದ್ದವು. ಅವಳು ಕಿರುಚಿಕೊಂಡು ನುಗ್ಗಿದಾಗ ಹಿಂಡು ಸರಿಯಿತು, ಆದರೆ ಓಡಿಹೋಗಲಿಲ್ಲ. ನಾಯಿಗಳು ಸ್ವಲ್ಪ ದೂರದಲ್ಲಿ ಕೂತು ಮೂತಿ ನೆಕ್ಕಿಕೊಳ್ಳುತ್ತ ಕಾದವು.

ತುಂಗೆ ಸತ್ತಿರಲಿಲ್ಲ. ಅವಳನ್ನು ಕಂಡು ಬಾಯಿ ತೆರೆಯಿತು, ಸ್ವರ ಬರಲಿಲ್ಲ. ನಾಗಶ್ರೀ ಗಂಡನನ್ನು ಕೂಗಿದಳು, ಗಿಡ್ಡಪ್ಪನನ್ನು ಕೂಗಿದಳು. ಎಲ್ಲರೂ ಕಾಫಿ ಹಣ್ಣು ಕೊಯ್ಯಲು ತೋಟದೊಳಗಿದ್ದರು. ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಜೀವ ಈಗ ಹೋದೀತು, ಈಗ ಹೋದೀತು ಎಂದು ಕಾದಳು. ಹೋಗಲಿಲ್ಲ. ತುಂಗೆ ಮುಂಗಾಲು ಊರಿ ಏಳಲು ನೋಡುತ್ತಿತ್ತು, ಏಳಲು ಹೋದಷ್ಟೂ ಒಳಗಿನದೆಲ್ಲ ಹೊರಗೆ ಜಾರುತ್ತಿತ್ತು. ಕೊನೆಗೆ ನಾಗಶ್ರೀ ಕೊರಳಿನ ಲಿಂಗವನ್ನು ಬೆನ್ನಿನ ಕಡೆಗೆ ಸರಿಸಿಕೊಂಡಳು. ಒಂದು ಕೈಯಲ್ಲಿ ಹಸುವಿನ ಕಣ್ಣು ಮುಚ್ಚಿ, ಇನ್ನೊಂದು ಕೈಯಲ್ಲಿ ಕತ್ತಿ ಎಳೆದಳು.

ಸುದ್ದಿ ತಿಳಿದು ಸಂಜೆ ಫಾರೆಸ್ಟ್ ಗಾರ್ಡ್ ಲಿಖಿತ್ ದನದ ಡಾಕ್ಟರನ್ನು ಗುಡ್ಡಕ್ಕೆ ಕರೆದುಕೊಂಡು ಬಂದ. ಡಾಕ್ಟರು ಬಗ್ಗಿ ನೋಡಿ, "ಹಿಂದೆ ನಾಯಿ ಹಿಡಿದಿದ್ದು ಸರಿ, ಕುತ್ತಿಗೆದು ಕತ್ತಿ ಗಾಯ ಅಲ್ವೇನ್ರಿ?" ಅಂದರು.

ಓಂಕಾರಮೂರ್ತಿ ಅರ್ಥವಾಗದೆ ಸುತ್ತ ನೋಡಿದ.

"ನಾನೇ ಕೊಯ್ದೆ," ಅಂದಳು ನಾಗಶ್ರೀ. "ನೋಡೋಕಾಗ್ಲಿಲ್ಲ."

ಲಿಖಿತ್‌ ಅವಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಅಕ್ಕಾ, ಇದನ್ನ ಇನ್ಯಾರ ಹತ್ರನೂ ಹೇಳ್ಬೇಡಿ. ಹಸು ಕಡಿದ್ರು ಅಂತ ಕೇಸ್ ಹಾಕೋರು ಇದಾರೆ," ಅಂದ. ಆಮೇಲೆ ಓಂಕಾರಮೂರ್ತಿಯ ಕಡೆ ತಿರುಗಿ, "ನಾಯಿಗಳ ತಂಟೆಗೆ ಹೋಗ್ಬೇಡಿ ಅಣ್ಣಾ. ಕಾಯ್ದೆ ಗಟ್ಟಿ ಇದೆ, ಜೈಲೇ," ಅಂದ.

"ಹಸೂಗೆ ಯಾವ ಕಾಯ್ದೆ ಇತ್ತು ಮಾರಾಯ?" ಅಂದ ಓಂಕಾರಮೂರ್ತಿ. ಲಿಖಿತ್ ತಲೆ ತಗ್ಗಿಸಿ ಗುಡ್ಡ ಇಳಿದ.

ಮನೆಗೆ ಬಂದ ಮೇಲೆ ನಾಗಶ್ರೀ ಸ್ನಾನ ಮಾಡಿ ಅಡಿಗೆಗೆ ಇಟ್ಟಳು. ಓಂಕಾರಮೂರ್ತಿ ತಟ್ಟೆ ಮುಟ್ಟಲಿಲ್ಲ. "ಗಬ್ಬದ ಹಸು ಕೊಯ್ದ ಕೈ ಅದು. ನನಗೆ ಬಡಿಸ್ಬೇಡ," ಎಂದು ಜಗಲಿಗೆ ಹೋಗಿ ಕೂತ. ಅತ್ತೆ ಬಸಮ್ಮ ಮಾತ್ರ, "ನನಗೆ ಹಾಕು ಮಗಾ," ಎಂದು ಅನ್ನ ಕಲಸಿದಳು. ಎರಡು ತುತ್ತು ಉಂಡು ಅವಳೂ ತಟ್ಟೆ ಸರಿಸಿದಳು.

ಮರುದಿನ ಬೆಳಿಗ್ಗೆ ಗಂಡ ಗುಡ್ಡದ ಕಡೆ ಹೋಗುವುದನ್ನು ನಾಗಶ್ರೀ ನೋಡಿದಳು. ತುಂಗೆಯನ್ನು ಹೂಳಲು ಹೊರಟಿದ್ದಾನೆ ಅಂದುಕೊಂಡು ಗುದ್ದಲಿ ಎತ್ತಿಕೊಂಡು ಹಿಂದೆಯೇ ಹೋದಳು. ಅವನು ಹೂಳುತ್ತಿರಲಿಲ್ಲ. ಶುಂಠಿಗೆ ಹೊಡೆಯುವ ಹುಳದ ಔಷಧಿಯನ್ನು ಕ್ಯಾನಿನಿಂದ ಹಸುವಿನ ಸೀಳಿದ ಹೊಟ್ಟೆಯೊಳಗೆ ಸುರಿಯುತ್ತಿದ್ದ.

"ಏನ್ರೀ ಇದು? ನಮ್ಮ ತುಂಗೆ ಅಲ್ವೇನ್ರೀ?"

"ಸತ್ತಿದ್ದಕ್ಕೆ ಏನಾಗತ್ತೆ? ಹೋಗು ಮನೆಗೆ," ಅಂದ. ಕ್ಯಾನನ್ನೂ ಕೈಯನ್ನೂ ಹಳ್ಳದ ಗುಂಡಿಯಲ್ಲಿ ತೊಳೆದುಕೊಂಡ.

ಅವಳು ತಡೆಯಲಿಲ್ಲ. ಸಾಯಲಿ ಹಾಳಾದ ನಾಯಿಗಳು ಎಂದು ಅವಳ ಮನಸ್ಸಿನಲ್ಲೂ ಇತ್ತು. ಕರುವನ್ನು ಎಳೆದೊಯ್ದದ್ದು ಕಣ್ಣಿಗೆ ಕಟ್ಟಿದ ಹಾಗೇ ಇತ್ತು.

ಮಧ್ಯಾಹ್ನ ತಡೆಯಲಾರದೆ ಮತ್ತೆ ಹತ್ತಿ ನೋಡಿದಳು. ಹುಲ್ಲಿನ ಮೇಲೆ ಅಲ್ಲೊಂದು ಇಲ್ಲೊಂದು ನಾಯಿಗಳು ಸತ್ತು ಕೆಂಪಗೆ ಬಿದ್ದಿದ್ದವು. ಹಾಲು ತುಂಬಿದ ಮೊಲೆಗಳ ಹೆಣ್ಣುನಾಯಿಯೊಂದು ನೀರಿಗಾಗಿ ತೆವಳಿ ಬಂದು, ಗುಂಡಿಯ ಅಂಚಿನಲ್ಲಿ ಮೂತಿ ಅದ್ದಿಕೊಂಡೇ ಸತ್ತಿತ್ತು. ಗುಂಡಿಯಲ್ಲಿ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮೀನು ಕಂಡಾಗ ನಾಗಶ್ರೀಗೆ ಪೈಪಿನ ನೆನಪಾಯಿತು. ಗಿಡ್ಡಪ್ಪನ ಮನೆಗೆ ಕುಡಿಯುವ ನೀರಿನ ಪೈಪು ಹೊರಡುವುದೇ ಆ ಗುಂಡಿಯಿಂದ.

ಬಿದ್ದು ಎದ್ದು ಓಡಿದಳು. "ನೀರು ಕುಡೀಬೇಡಿ!" ಎಂದು ಕೂಗುತ್ತ ಅವರ ಅಂಗಳಕ್ಕೆ ಬಂದರೆ, ಗಿಡ್ಡಪ್ಪನ ಹೆಂಡತಿ ವಿಮಲಮ್ಮ ಕಾಫಿ ಕಣದಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಬಾಯಲ್ಲಿ ನೊರೆ, ಕೈಕಾಲು ಅದುರುತ್ತಿತ್ತು. ಗಿಡ್ಡಪ್ಪ ಜೀಪಿಗೆ ಫೋನ್ ಮಾಡುತ್ತಿದ್ದ.

"ಏನಾಯ್ತು ಅಂತಾನೇ ಗೊತ್ತಾಗ್ತಿಲ್ಲ ಕಣಮ್ಮಾ," ಎಂದು ಅತ್ತ.

ನಾಗಶ್ರೀ ಮನೆಗೆ ಓಡಿದಳು. ಓಂಕಾರಮೂರ್ತಿ ಕೊಟ್ಟಿಗೆ ಹಿಂದೆ ಕ್ಯಾನನ್ನು ಗೊಬ್ಬರದ ಗುಂಡಿಯಲ್ಲಿ ಹೂಳುತ್ತಿದ್ದ.

"ವಿಮಲಮ್ಮ ಆ ನೀರು ಕುಡಿದಿದಾರೆ. ಕೊಡಿ ಅದನ್ನ. ಯಾವ ಔಷಧಿ ಅಂತ ಆಸ್ಪತ್ರೇಲಿ ಕೇಳ್ತಾರೆ."

ಅವನ ಮುಖ ಬಿಳಿಚಿತು. ಆದರೂ ಕ್ಯಾನ್ ಬಿಡಲಿಲ್ಲ. "ಬಾಯಿ ಮುಚ್ಕೊಂಡಿರು. ನಾನು ಜೈಲಿಗೆ ಹೋದ್ರೆ ಮನೆ ಗತಿ ಏನು? ಅವಳಿಗೆ ಏನೂ ಆಗಲ್ಲ."

"ಮೀನು ಸತ್ತಿದಾವೆ ರೀ!"

ನಾಗಶ್ರೀ ಗಂಡನ ಕೈಯಿಂದ ಕ್ಯಾನ್ ಕಿತ್ತುಕೊಂಡಳು. ಅವನು ಸೆರಗು ಹಿಡಿದು ಎಳೆದ. ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಬಸಮ್ಮ, "ಬಿಡೋ ಅವಳನ್ನ!" ಎಂದು ಕೂಗಿದಾಗ ಅವನ ಕೈ ಸಡಿಲವಾಯಿತು. ನಾಗಶ್ರೀ ವಿಮಲಮ್ಮನನ್ನು ಹೊತ್ತು ಹೊರಟಿದ್ದ ಜೀಪಿಗೆ ಅಡ್ಡ ನಿಂತು ಹತ್ತಿಕೊಂಡಳು.

ಮೂಡಿಗೆರೆ ಆಸ್ಪತ್ರೆಯ ಡಾಕ್ಟರು ಕ್ಯಾನಿನ ಮೇಲಿನ ಹೆಸರು ಓದಿ ತಕ್ಷಣ ಇಂಜೆಕ್ಷನ್ ಕೊಟ್ಟರು. ಹಳ್ಳಕ್ಕೆ ಹೇಗೆ ಬಂತು ಎಂದು ಕೇಳಿದರು. ಗಿಡ್ಡಪ್ಪನೂ ಅವಳನ್ನೇ ನೋಡುತ್ತಿದ್ದ. ನಾಗಶ್ರೀ ಏನನ್ನೂ ಮುಚ್ಚಲಿಲ್ಲ. ತಾನು ನೋಡಿಯೂ ತಡೆಯಲಿಲ್ಲ ಎಂಬುದನ್ನೂ ಹೇಳಿದಳು.

ಕತ್ತಲಾಗುವ ಮೊದಲೇ ಪೊಲೀಸರೂ ಫಾರೆಸ್ಟಿನವರೂ ಓಂಕಾರಮೂರ್ತಿಯನ್ನು ಕರೆದೊಯ್ದರು. ಗುಡ್ಡದ ಬಂಡೆಯ ಸಂದಿಯಲ್ಲಿ ಆ ಹೆಣ್ಣುನಾಯಿಯ ಮರಿಗಳನ್ನು ಲಿಖಿತ್ ಎರಡು ದಿನ ಹುಡುಕಿ ತೆಗೆಯುವಷ್ಟರಲ್ಲಿ ಅವೂ ಸತ್ತಿದ್ದವು.

ವಿಮಲಮ್ಮ ಬದುಕಿದಳು. ಆದರೆ ಕೈ ನಡುಕ ನಿಲ್ಲಲಿಲ್ಲ, ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಗಿಡ್ಡಪ್ಪ ಬೇಲಿಗೆ ಮುಳ್ಳು ಹೊಡೆದು ಎರಡು ಮನೆಯ ನಡುವಿನ ಕಾಲುದಾರಿ ಮುಚ್ಚಿದ. ಗಂಡನನ್ನು ಹಿಡಿದುಕೊಟ್ಟವಳು ಎಂದು ಊರಿನವರು ನಾಗಶ್ರೀಯ ಎದುರಿಗೇ ಆಡಿಕೊಂಡರು. ಜಾಮೀನಿನ ಮೇಲೆ ಬಂದ ಓಂಕಾರಮೂರ್ತಿ ತೋಟದ ಪಂಪ್‌ಹೌಸಿನಲ್ಲಿ ಮಲಗತೊಡಗಿದ. ಉಳಿದ ದನಗಳನ್ನು ಅವನು ಒಂದೊಂದಾಗಿ ಮಾರಿದಾಗ ನಾಗಶ್ರೀ ಬೇಡ ಅನ್ನಲಿಲ್ಲ.

ಒಂದು ದಿನ ರಸ್ತೆಯಿಂದ ಸುತ್ತುಹಾಕಿಕೊಂಡು ಅವಳು ವಿಮಲಮ್ಮನನ್ನು ನೋಡಲು ಹೋದಳು. ವಿಮಲಮ್ಮ ಜಗಲಿಯಲ್ಲಿ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದಳು.

"ವಿಷ ಹಾಕಿದ್ದೂ ನಿಮ್ಮನೆ ಕೈಯೇ, ಉಳಿಸಿದ್ದೂ ನಿಮ್ಮನೆ ಕೈಯೇ," ಅಂದಳು. "ಬಯ್ಯೋಣ ಅಂದ್ರೆ ಬಾಯಿ ಬರಲ್ಲ. ಕೂತ್ಕೋ ಅನ್ನೋಕೂ ಬಾಯಿ ಬರಲ್ಲ. ಹೋಗು ನಾಗಶ್ರೀ."

ನಾಗಶ್ರೀ ಅಂಗಳದಿಂದಲೇ ತಿರುಗಿ ರಸ್ತೆಗೆ ಇಳಿದಳು.